ಟೆಕ್ಸಾಸ್ ಲೈಸೆನ್ಸ್ ಹಿಡಿದು ನಾರ್ತ್ ಕೆರೊಲೈನಾಗೆ ಹೊರಟವರಿಗೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಲೇ ನ್ಯೂಯಾರ್ಕ್ ರಾಜ್ಯದ ಮೂಲಕ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಬರೆದು ಪಾಸಾದೆ. ಈಗ ಡಲ್ಲಾಸ್‌ನ ಆಸ್ಪತ್ರೆಯೊಂದರಲ್ಲಿದ್ದೇನೆ, ಹಲವು ರಾಜ್ಯಗಳಲ್ಲಿ ನಡೆಯುವ, ಟೆಕ್ಸಾಸ್‌ನ ಮಲ್ಟಿಸ್ಟೇಟ್ ಲೈಸೆನ್ಸ್ ಇದೆ. ನಮ್ಮ ಯಜಮಾನರಿಗೆ ನಾರ್ತ್ ಕೆರೊಲೈನಾದ ರಾಲಿ ಹತ್ತಿರ ಕೆಲಸ ಸಿಕ್ಕಿದೆ. ಮಗಳ ಶಾಲೆ ಮುಗಿದ ಮೇಲೆ ಜೂನ್‌ನಲ್ಲಿ ಮನೆ ಬದಲಿಸುತ್ತೇವೆ. ನನಗೂ ಅಲ್ಲಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿನ ಸಿಬ್ಬಂದಿ ವಿಭಾಗದವರು ‘ಟೆಕ್ಸಾಸ್ ಲೈಸೆನ್ಸ್ ಸಾಕು, ಏನೂ ಮಾಡಬೇಕಾಗಿಲ್ಲ’ ಎನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ‘ಒಂದು ತಿಂಗಳೊಳಗೆ ಬದಲಿಸದಿದ್ದರೆ ಲೈಸೆನ್ಸ್ ರದ್ದು, ಮತ್ತೆ ಎನ್‌ಕ್ಲೆಕ್ಸ್ ಬರೆಯಬೇಕು’ ಎನ್ನುತ್ತಾರೆ. ಯಾರನ್ನು ನಂಬಲಿ? ಇನ್ನೊಂದು ವಿಷಯ: ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳಿಗೆ ಫೋನ್ ಮಾಡಿ ವಿಚಾರಿಸುವ ರಾತ್ರಿ ಕೆಲಸವೊಂದು ಬಂದಿದೆ. ರೋಗಿಗಳು ಬೇರೆ ಬೇರೆ ರಾಜ್ಯದವರು, ಕ್ಯಾಲಿಫೋರ್ನಿಯಾದವರೂ ಇದ್ದಾರೆ. ನಾನು ಮನೆಯಲ್ಲೇ ಕೂತು ಮಾತಾಡುವುದರಿಂದ ತೊಂದರೆಯಿಲ್ಲ ತಾನೇ? ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮನೆಮನೆಗೆ ನರ್ಸ್‌ಗಳನ್ನು ಕಳಿಸುವ ಸಣ್ಣ ಸಂಸ್ಥೆ ನಡೆಸುವ ನನ್ನ ನಾದಿನಿಗೂ ಇಂಥದೇ ಗೊಂದಲ. ಅಕ್ಕಪಕ್ಕದ ರಾಜ್ಯಗಳ ನರ್ಸ್‌ಗಳನ್ನು ಆಕೆ ಕೆಲಸಕ್ಕೆ ತೆಗೆದುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರು ಇದ್ದರೂ ಅವುಗಳ ಹಿಂದಿರುವ ಅಳುಕು ಒಂದೇ. ವರ್ಷಗಟ್ಟಲೆ ಓದಿ, ಕಾಗದಪತ್ರಕ್ಕಾಗಿ ಅಲೆದು, ಸಾಲ ಮಾಡಿ ಸಂಪಾದಿಸಿದ ಲೈಸೆನ್ಸ್ ಯಾರೋ ಹೇಳಿದ ತಪ್ಪು ಮಾತಿನಿಂದ ಕೈತಪ್ಪಿ ಹೋದೀತೇ ಎಂಬ ಅಳುಕು. ಆದ್ದರಿಂದ ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ರಾಜ್ಯ ಬದಲಿಸಿದ ಮಾತ್ರಕ್ಕೆ ಮತ್ತೆ ಎನ್‌ಕ್ಲೆಕ್ಸ್ ಬರೆಯಬೇಕಾಗಿಲ್ಲ. ಒಮ್ಮೆ ಪಾಸಾದ ಪರೀಕ್ಷೆ ಜೀವನವಿಡೀ ನಿಮ್ಮದೇ. ಹೊಸ ರಾಜ್ಯಕ್ಕೆ ಹೋದಾಗ ಮಾಡಬೇಕಾದದ್ದು ಎಂಡೋರ್ಸ್‌ಮೆಂಟ್ ಅರ್ಜಿ. ಹಳೆಯ ಲೈಸೆನ್ಸ್ ಆಧಾರದ ಮೇಲೆ ಹೊಸದನ್ನು ಕೇಳುವುದು, ಅಷ್ಟೇ. ಆದರೆ ‘ಏನೂ ಮಾಡಬೇಕಾಗಿಲ್ಲ’ ಎಂದ ರಾಲಿಯವರ ಮಾತು ನಿಮ್ಮ ಸಹೋದ್ಯೋಗಿಯ ಮಾತಿಗಿಂತ ಹೆಚ್ಚು ಅಪಾಯದ್ದು. ಭಯಪಟ್ಟವರು ವಿಚಾರಿಸುತ್ತಾರೆ. ನಿಶ್ಚಿಂತರಾದವರು ಗಡುವು ದಾಟಿದ ಮೇಲೆ ನನ್ನಂಥವರ ಮೇಜಿನ ಮುಂದೆ ಬಂದು ಕೂರುತ್ತಾರೆ.

ನಾನು ವಾರ್ಡಿನಲ್ಲಿ ಹಲವು ವರ್ಷ ದುಡಿದು, ಆಮೇಲೆ ಆಸ್ಪತ್ರೆಗೆ ಸೇರುವ ನರ್ಸ್‌ಗಳ ಲೈಸೆನ್ಸ್ ಪರಿಶೀಲಿಸುವ ಕೆಲಸಕ್ಕೆ ಬಂದವಳು. ಈ ವಿಷಯದಲ್ಲಿ ಏನೇ ಗೊಂದಲ ಬಂದರೂ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ನರ್ಸ್‌ನ ಮನೆ ಯಾವ ರಾಜ್ಯದಲ್ಲಿದೆ? ರೋಗಿ ಯಾವ ರಾಜ್ಯದಲ್ಲಿದ್ದಾನೆ? ಕೆಲಸ ಕೊಟ್ಟವರ ಕಚೇರಿ ಎಲ್ಲಿದೆ, ಸಂಬಳ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ಈ ಎರಡರಲ್ಲೇ ಉತ್ತರವಿದೆ.

ಇಷ್ಟೊಂದು ತೊಡಕು ಏಕೆ ಹುಟ್ಟಿತು ಎಂದು ತಿಳಿದರೆ ನಿಯಮ ನೆನಪಿನಲ್ಲಿ ನಿಲ್ಲುತ್ತದೆ. ಅಮೆರಿಕದಲ್ಲಿ ನರ್ಸ್‌ಗಳಿಗೆ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ನೀವು ಹೊರಟಿರುವ ನಾರ್ತ್ ಕೆರೊಲೈನಾವೇ 1903ರಲ್ಲಿ ನರ್ಸ್‌ಗಳ ನೋಂದಣಿಗೆ ಮೊಟ್ಟಮೊದಲು ಕಾನೂನು ಮಾಡಿದ ರಾಜ್ಯ. ಅದೇ ವರ್ಷ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಕೂಡ ಮಾಡಿದವು. ಅಲ್ಲಿಂದ ಪ್ರತಿ ರಾಜ್ಯವೂ ತನ್ನ ಮಂಡಳಿ, ತನ್ನ ಶುಲ್ಕ, ತನ್ನ ಶಿಸ್ತುಕ್ರಮವನ್ನು ಬೆಳೆಸಿಕೊಂಡಿತು. ನಮಗೆ ಇದು ತೀರ ಹೊಸದೇನಲ್ಲ. ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಬೇರೆ ರಾಜ್ಯಕ್ಕೆ ಕೆಲಸಕ್ಕೆ ಹೋದರೆ ಅಲ್ಲಿನ ಕೌನ್ಸಿಲ್‌ನಲ್ಲಿ ಮತ್ತೆ ನೋಂದಾಯಿಸಿಕೊಳ್ಳಬೇಕು. ಆ ಓಡಾಟವನ್ನು ನಿಮ್ಮ ಸಹಪಾಠಿಗಳಲ್ಲಿ ಯಾರಾದರೂ ಖಂಡಿತ ಪಟ್ಟಿರುತ್ತಾರೆ.

ಈ ಓಡಾಟ ತಪ್ಪಿಸಲು ಕೆಲವು ರಾಜ್ಯಗಳು ಸೇರಿ ಮಾಡಿಕೊಂಡದ್ದೇ ನರ್ಸ್ ಲೈಸೆನ್ಶರ್ ಕಾಂಪ್ಯಾಕ್ಟ್ ಎಂಬ ಒಪ್ಪಂದ. 2000ರಲ್ಲಿ ಬೆರಳೆಣಿಕೆಯ ರಾಜ್ಯಗಳೊಡನೆ ಇದು ಆರಂಭವಾಯಿತು, ಟೆಕ್ಸಾಸ್ ಆ ಮೊದಲ ಗುಂಪಿನಲ್ಲೇ ಇತ್ತು. ಡ್ರೈವಿಂಗ್ ಲೈಸೆನ್ಸನ್ನು ಮಾದರಿಯಾಗಿ ಇಟ್ಟುಕೊಂಡ ವ್ಯವಸ್ಥೆ ಇದು: ಮನೆಯಿರುವ ರಾಜ್ಯ ಲೈಸೆನ್ಸ್ ಕೊಡುತ್ತದೆ, ಉಳಿದ ಸದಸ್ಯ ರಾಜ್ಯಗಳು ಅದನ್ನು ಮಾನ್ಯ ಮಾಡುತ್ತವೆ. ಮೊದಲ ಒಪ್ಪಂದದಲ್ಲಿ ಒಂದು ಕೊರತೆ ಇತ್ತು. ಒಂದು ರಾಜ್ಯ ಬೆರಳಚ್ಚು ತೆಗೆದು ಅಪರಾಧ ಹಿನ್ನೆಲೆ ನೋಡಿದರೆ ಇನ್ನೊಂದು ನೋಡುತ್ತಿರಲಿಲ್ಲ. ಹೀಗಾಗಿ ಒಬ್ಬರ ಲೈಸೆನ್ಸನ್ನು ಇನ್ನೊಬ್ಬರು ಪೂರ್ತಿ ನಂಬುವುದು ಕಷ್ಟವಾಯಿತು. ಎಲ್ಲರಿಗೂ ಒಂದೇ ಅರ್ಹತೆಗಳನ್ನು ಕಡ್ಡಾಯ ಮಾಡಿದ ಹೊಸ ಒಪ್ಪಂದ 2018ರ ಜನವರಿ 19ರಂದು ಜಾರಿಗೆ ಬಂತು. 2025ರ ಹೊತ್ತಿಗೆ ನಲವತ್ತೊಂದು ರಾಜ್ಯಗಳೂ ಗುವಾಮ್, ವರ್ಜಿನ್ ದ್ವೀಪಗಳೂ ಸೇರಿ 43 ಕಡೆ ಇದಕ್ಕೆ ಶಾಸನದ ಒಪ್ಪಿಗೆ ಸಿಕ್ಕಿತ್ತು. ಮ್ಯಾಸಚೂಸೆಟ್ಸ್‌ನಂತೆ ಕೆಲವೆಡೆ ಕಾನೂನು ಆಗಿಯೂ ಜಾರಿಯ ಸಿದ್ಧತೆ ನಡೆದಿತ್ತು. ಹೊರಗೆ ಉಳಿದವು ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಇಲಿನಾಯ್, ಮಿಷಿಗನ್, ಮಿನ್ನೆಸೋಟ, ಆರೆಗಾನ್, ನೆವಾಡ, ಅಲಾಸ್ಕ ಮತ್ತು ಹವಾಯಿ. ಜೊತೆಗೆ ರಾಜಧಾನಿ ವಾಷಿಂಗ್ಟನ್ ಡಿ.ಸಿ. ನಮ್ಮವರು ಹೆಚ್ಚಾಗಿರುವ ಬೇ ಏರಿಯಾ, ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಎಲ್ಲವೂ ಈ ಪಟ್ಟಿಯಲ್ಲೇ ಬರುವುದರಿಂದ ಮಲ್ಟಿಸ್ಟೇಟ್ ಎಂದರೆ ‘ದೇಶಕ್ಕೆಲ್ಲ ಒಂದು ಲೈಸೆನ್ಸ್’ ಎಂದು ದಯವಿಟ್ಟು ಭಾವಿಸಬೇಡಿ. ಹೊರಗುಳಿದ ರಾಜ್ಯಗಳಲ್ಲಿ ನರ್ಸ್‌ಗಳ ಸಂಘಟನೆಗಳೇ ಇದನ್ನು ವಿರೋಧಿಸಿವೆ. ಮುಷ್ಕರ ನಡೆದಾಗ ಹೊರಗಿನಿಂದ ನರ್ಸ್‌ಗಳನ್ನು ಸುಲಭವಾಗಿ ತರಿಸಿಬಿಡುತ್ತಾರೆ, ನಮ್ಮ ರಾಜ್ಯದ ಕಟ್ಟುನಿಟ್ಟು ಸಡಿಲಾಗುತ್ತದೆ ಎಂಬುದು ಅವರ ಆತಂಕ. ಕಾಂಪ್ಯಾಕ್ಟ್‌ನಿಂದ ನರ್ಸ್‌ಗಳಿಗೆ ಒಟ್ಟಿನಲ್ಲಿ ಒಳ್ಳೆಯದೇ ಆಗಿದೆ ಎಂದು ನಾನು ನಂಬುತ್ತೇನೆ. ಆದರೂ ಆ ಆತಂಕದಲ್ಲಿ ತೂಕವಿದೆ.

ಈಗ ನಿಮ್ಮ ಮನೆ ಬದಲಾವಣೆ. ಕಾಂಪ್ಯಾಕ್ಟ್‌ನ ಒಂದು ಸದಸ್ಯ ರಾಜ್ಯದಿಂದ ಇನ್ನೊಂದಕ್ಕೆ ಖಾಯಂ ವಾಸ ಬದಲಿಸಿದವರು ಅರವತ್ತು ದಿನದೊಳಗೆ ಹೊಸ ರಾಜ್ಯದಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಲೇಬೇಕು. 2024ರ ಜನವರಿ 2ರಿಂದ ಈ ನಿಯಮ ಜಾರಿಯಲ್ಲಿದೆ. ಅರವತ್ತು ದಿನ ಇರುವುದು ಅರ್ಜಿ ಹಾಕಲು. ಲೈಸೆನ್ಸ್ ಅಷ್ಟರೊಳಗೆ ಕೈಗೆ ಬರಬೇಕೆಂದಿಲ್ಲ. ಹೊಸದು ಬರುವ ತನಕ ಟೆಕ್ಸಾಸ್ ಲೈಸೆನ್ಸ್ ಮೇಲೆಯೇ ರಾಲಿಯಲ್ಲಿ ಕೆಲಸ ಮಾಡಬಹುದು. ನಾರ್ತ್ ಕೆರೊಲೈನಾದ ಮಲ್ಟಿಸ್ಟೇಟ್ ಮಂಜೂರಾದ ದಿನ ಟೆಕ್ಸಾಸಿನದು ನಿಷ್ಕ್ರಿಯವಾಗುತ್ತದೆ, ಏಕೆಂದರೆ ಒಬ್ಬರ ಹೆಸರಿನಲ್ಲಿ ಒಂದೇ ಮಲ್ಟಿಸ್ಟೇಟ್ ಇರಬಹುದು. ಅದು ಶಿಕ್ಷೆಯಲ್ಲ, ‘ರದ್ದು’ ಎಂಬ ಪದವೂ ಅದಕ್ಕೆ ಸಲ್ಲುವುದಿಲ್ಲ.

ಸಿಬ್ಬಂದಿ ವಿಭಾಗದವರು ಎಡವುವುದು ಎಲ್ಲಿ ಎಂದು ನನಗೆ ಗೊತ್ತು. ‘ಟೆಕ್ಸಾಸ್ ಮಲ್ಟಿಸ್ಟೇಟ್ ನಾರ್ತ್ ಕೆರೊಲೈನಾದಲ್ಲಿ ನಡೆಯುತ್ತದೆ’ ಎಂಬ ವಾಕ್ಯ ನೂರಕ್ಕೆ ನೂರು ನಿಜ. ಹದಿಮೂರು ವಾರದ ಒಪ್ಪಂದದ ಮೇಲೆ ಬಂದು, ಮನೆ ಮಾತ್ರ ಟೆಕ್ಸಾಸಿನಲ್ಲೇ ಉಳಿಸಿಕೊಂಡ ಟ್ರಾವೆಲ್ ನರ್ಸ್‌ಗೆ ಅಷ್ಟು ಸಾಕು. ಸಂಸಾರ ಸಮೇತ ಬಂದು ನೆಲೆಸುವವರಿಗೆ ಅದು ಅರ್ಧ ಸತ್ಯ. ನೇಮಕದ ದಿನ ಪರದೆಯ ಮೇಲೆ ‘ಮಲ್ಟಿಸ್ಟೇಟ್, ಸಕ್ರಿಯ’ ಎಂದು ಹಸಿರು ಅಕ್ಷರ ಕಂಡರೆ ಮುಂದಿನ ಪ್ರಶ್ನೆ ಕೇಳುವುದನ್ನು ಅವರು ಮರೆಯುತ್ತಾರೆ.

ನಾನು ಹಿಂದೆ ಇದ್ದ ಆಸ್ಪತ್ರೆಯಲ್ಲಿ ಒಬ್ಬಾಕೆಗೆ ಹೀಗೇ ಆಯಿತು. ಬೇರೆ ರಾಜ್ಯದಿಂದ ಬಂದು ಎಂಟು ತಿಂಗಳಾಗಿತ್ತು, ಒಳ್ಳೆಯ ಕೆಲಸಗಾರ್ತಿ. ವಾರ್ಷಿಕ ಪರಿಶೀಲನೆಯಲ್ಲಿ ಆಕೆಯ ವಿಳಾಸವೂ ಲೈಸೆನ್ಸಿನ ರಾಜ್ಯವೂ ತಾಳೆಯಾಗಲಿಲ್ಲ. ಮರುದಿನ ಆಕೆ ಪ್ಲಾಸ್ಟಿಕ್ ಫೈಲೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಎದುರು ಕೂತರು. ಒಳಗೆ ಹೊಸ ರಾಜ್ಯದ ಡ್ರೈವಿಂಗ್ ಲೈಸೆನ್ಸ್, ಮನೆ ಬಾಡಿಗೆ ಕರಾರು, ಮಗನ ಶಾಲೆಯ ದಾಖಲಾತಿ, ಎಲ್ಲದರ ಮೇಲೂ ಎಂಟು ತಿಂಗಳ ಹಿಂದಿನ ತಾರೀಕು. ತಾನು ಪ್ರಾಮಾಣಿಕಳು ಎಂದು ತೋರಿಸಲು ತಂದ ಒಂದೊಂದು ಕಾಗದವೂ ಗಡುವು ಎಂದೋ ಮುಗಿದಿತ್ತು ಎಂದೇ ಹೇಳುತ್ತಿತ್ತು. ‘ಸೇರುವಾಗ ಕೇಳಿದ್ದೆ, ಏನೂ ಬೇಡ ಎಂದಿದ್ದರು’ ಎಂದರು. ಯಾರು ಹೇಳಿದ್ದೆಂದು ಬರಹದಲ್ಲಿ ಇರಲಿಲ್ಲ. ಅರ್ಜಿ, ಮಂಡಳಿಗೆ ವಿವರಣೆ ಎಲ್ಲ ಮುಗಿಯುವ ತನಕ ಮೂರು ವಾರ ಆಕೆಯನ್ನು ಕೆಲಸದಿಂದ ಹೊರಗಿಡಬೇಕಾಯಿತು. ಲೈಸೆನ್ಸ್ ಉಳಿಯಿತು. ಆದರೆ ಆ ಮೂರು ವಾರದ ಸಂಬಳ, ಆ ನಿದ್ದೆಯಿಲ್ಲದ ರಾತ್ರಿಗಳು ವಾಪಸು ಬರಲಿಲ್ಲ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಹೊಣೆಯೂ ಅವರದೇ ಎಂಬ ಕಾನೂನು ಕಠಿಣವಾಗಿ ಕಾಣಬಹುದು. ಮಂಡಳಿಯ ಮುಂದೆ ನಡೆಯುವುದು ಅದೇ.

ಅದಕ್ಕಾಗಿ ನಿಮಗೆ ನನ್ನ ಸಲಹೆ ಇದು. ಹೊಸ ರಾಜ್ಯದ ಅರ್ಜಿಯನ್ನು ಮನೆ ಬದಲಿಸುವ ಮುಂಚೆಯೂ ಹಾಕಬಹುದು. ಬೆರಳಚ್ಚು, ಹಳೆಯ ಲೈಸೆನ್ಸ್‌ಗಳ ದೃಢೀಕರಣ ಇವೆಲ್ಲ ಸಮಯ ತಿನ್ನುವ ಹಂತಗಳು, ಅವು ಏಪ್ರಿಲ್ ಮೇ ತಿಂಗಳಲ್ಲೇ ಮುಗಿದರೆ ಒಳ್ಳೆಯದು. ಅಲ್ಲಿನ ವಾಸಕ್ಕೆ ಪುರಾವೆ ಕೊಟ್ಟ ಮೇಲಷ್ಟೇ ಮಲ್ಟಿಸ್ಟೇಟ್ ಮಂಜೂರಾಗುತ್ತದೆ. ಪುರಾವೆ ಎಂದರೆ ಮುಖ್ಯವಾಗಿ ಡ್ರೈವಿಂಗ್ ಲೈಸೆನ್ಸ್. ಆ ವಿಳಾಸ ತೋರಿಸುವ ಕೇಂದ್ರದ ಆದಾಯ ತೆರಿಗೆ ವಿವರ, ಸಂಬಳದ ಡಬ್ಲ್ಯು-2 ನಮೂನೆಯೂ ನಡೆಯುತ್ತವೆ. ಆ ಪಟ್ಟಿಯಲ್ಲಿ ಮತದಾರರ ನೋಂದಣಿ ಚೀಟಿಯೂ ಇದೆ. ಇಲ್ಲಿ ಒಂದು ಕ್ಷಣ ನಿಲ್ಲಿ. ಅಮೆರಿಕದ ಪೌರತ್ವ ಇಲ್ಲದವರು, ಗ್ರೀನ್ ಕಾರ್ಡ್ ಇದ್ದರೂ ಸರಿಯೇ, ಮತದಾರರಾಗಿ ನೋಂದಾಯಿಸಿಕೊಳ್ಳಲೇಬಾರದು. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಹೊಸ ಲೈಸೆನ್ಸ್ ಮಾಡಿಸುವಾಗ ಅದೇ ಸಾಲಿನಲ್ಲಿ ‘ಮತದಾರರಾಗಿ ನೋಂದಾಯಿಸಲೇ?’ ಎಂದು ಕೇಳುತ್ತಾರೆ. ಗಡಿಬಿಡಿಯಲ್ಲಿ ‘ಹೌದು’ ಎಂದು ಗುರುತು ಹಾಕಿ, ವರ್ಷಗಳ ನಂತರ ಪೌರತ್ವದ ಸಂದರ್ಶನದಲ್ಲಿ ಅತ್ತವರಿದ್ದಾರೆ. ನರ್ಸಿಂಗ್ ಲೈಸೆನ್ಸಿಗಿಂತ ದೊಡ್ಡ ಗಂಡಾಂತರ ಅದು.

ಇನ್ನೊಂದು ದಾರಿಯನ್ನು ಕೆಲವರು ಸೂಚಿಸಿಯಾರು: ‘ಟೆಕ್ಸಾಸ್ ವಿಳಾಸವನ್ನೇ ಇಟ್ಟುಕೊಂಡಿರಿ, ಗೆಳತಿಯ ಮನೆಗೆ ಕಾಗದ ಬರಲಿ, ಲೈಸೆನ್ಸ್ ಹಾಗೇ ನವೀಕರಿಸುತ್ತಾ ಹೋಗಿ.’ ಇದನ್ನು ಮಾಡಬೇಡಿ. ಯಜಮಾನರು ಮುಂಚೆ ಹೋಗಿ, ನೀವೂ ಮಗಳೂ ಡಲ್ಲಾಸ್‌ನಲ್ಲೇ ಇದ್ದು, ನೀವು ನಡುನಡುವೆ ರಾಲಿಯಲ್ಲಿ ಅಲ್ಪಾವಧಿ ಕೆಲಸ ಮಾಡುವುದಾದರೆ ಮಾತು ಬೇರೆ, ಆಗ ನಿಮ್ಮ ಮನೆ ನಿಜಕ್ಕೂ ಟೆಕ್ಸಾಸ್. ಆದರೆ ಸಂಸಾರ ಹೋದ ಮೇಲೆ ಬರೀ ಅಂಚೆಪೆಟ್ಟಿಗೆಯನ್ನು ಮನೆ ಎಂದು ಘೋಷಿಸಿ ಸಹಿ ಹಾಕಿದರೆ ಅದು ಮಂಡಳಿಗೆ ಸುಳ್ಳು ಹೇಳಿದಂತೆ. ಅರ್ಜಿ ತಡವಾದರೆ ಕ್ಷಮೆ ಸಿಗಬಹುದು, ಸುಳ್ಳು ಘೋಷಣೆಗೆ ಸಿಗುವುದು ಕಷ್ಟ.

ನಮ್ಮವರಲ್ಲಿ ಹರಡಿರುವ ಒಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಓದುವ ಬೇರೆ ನರ್ಸ್‌ಗಳಿಗೂ ಬೇಕಾಗುತ್ತದೆ. ಮಲ್ಟಿಸ್ಟೇಟ್ ಪಡೆಯಲು ಪೌರತ್ವ ಬೇಕಿಲ್ಲ, ಗ್ರೀನ್ ಕಾರ್ಡ್ ಕೂಡ ಬೇಕಿಲ್ಲ. ಬೇಕಿರುವುದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಸದಸ್ಯ ರಾಜ್ಯದಲ್ಲಿ ವಾಸ, ಬೆರಳಚ್ಚು ಪರಿಶೀಲನೆ, ಗಂಭೀರ ಅಪರಾಧದ ಶಿಕ್ಷೆ ಇಲ್ಲದಿರುವುದು, ಸ್ವತಂತ್ರ ಸಂಸ್ಥೆಯಿಂದ ಪರಿಶೀಲನೆಯಾದ ವಿದೇಶಿ ಪದವಿ, ಎನ್‌ಕ್ಲೆಕ್ಸ್. ವೀಸಾದ ಮೇಲೆ ಇರುವವರು ಅರ್ಜಿಯಲ್ಲಿ ತಮ್ಮ ದೇಶವನ್ನು ಅಥವಾ ತಾವಿರುವ ರಾಜ್ಯವನ್ನು ಖಾಯಂ ವಾಸವೆಂದು ಘೋಷಿಸಬಹುದು. ಅಭ್ಯಾಸಬಲದಿಂದ ‘ಭಾರತ’ ಎಂದು ಬರೆದುಬಿಟ್ಟರೆ ಆ ಒಂದೇ ರಾಜ್ಯಕ್ಕೆ ಸೀಮಿತವಾದ ಲೈಸೆನ್ಸ್ ಮಾತ್ರ ಬರುತ್ತದೆ. ‘ಎಲ್ಲ ಅರ್ಹತೆ ಇದ್ದೂ ನನಗೇಕೆ ಮಲ್ಟಿಸ್ಟೇಟ್ ಬರಲಿಲ್ಲ?’ ಎಂದು ಕೇಳುವವರ ಅರ್ಜಿ ತೆಗೆದು ನೋಡಿದರೆ ಕಾರಣ ಹಲವು ಸಲ ಈ ಒಂದು ಪದವೇ ಆಗಿರುತ್ತದೆ.

ಇಂಗ್ಲಿಷ್ ಪರೀಕ್ಷೆಯದೂ ಹೀಗೆಯೇ. ‘ನಮ್ಮ ಕಾಲೇಜಿನಲ್ಲಿ ಪಾಠ ನಡೆದದ್ದು ಇಂಗ್ಲಿಷಿನಲ್ಲಿ, ಪರೀಕ್ಷೆ ಏಕೆ?’ ಎಂದು ಕೇಳುತ್ತಾರೆ. ಕಾಂಪ್ಯಾಕ್ಟ್‌ನ ಕಾನೂನು ವಿದೇಶದಲ್ಲಿ ಓದಿದವರ ವಿಷಯದಲ್ಲಿ ಕಲಿಕೆಯ ಭಾಷೆಯನ್ನಷ್ಟೇ ನೋಡುವುದಿಲ್ಲ, ಮಾತೃಭಾಷೆಯನ್ನೂ ನೋಡುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರೆಲ್ಲ ಪಾಸಾಗಿರಲೇಬೇಕು. ನೀವು ಟೆಕ್ಸಾಸ್‌ನಲ್ಲಿ ಮಲ್ಟಿಸ್ಟೇಟ್ ಪಡೆದಿದ್ದೀರೆಂದರೆ ಈ ಹಂತಗಳೆಲ್ಲ ದಾಟಿವೆ. ಆದರೂ ಆ ಫಲಿತಾಂಶ, ವಿದೇಶಿ ಪದವಿ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್ ಸಂಸ್ಥೆಯ ವರದಿ, ವಿಶ್ವವಿದ್ಯಾಲಯದ ಅಂಕಪಟ್ಟಿ, ಕರ್ನಾಟಕದ ಕೌನ್ಸಿಲ್‌ನ ನೋಂದಣಿ ಪತ್ರ ಇವುಗಳ ಪ್ರತಿ ಲಾರಿಗೆ ಹೇರುವ ಪೆಟ್ಟಿಗೆಯಲ್ಲಿ ಬೇಡ, ನಿಮ್ಮ ಕೈಚೀಲದಲ್ಲಿರಲಿ.

ಎಚ್-4 ವೀಸಾದಲ್ಲಿ ಗಂಡನ ಜೊತೆ ಬಂದಿರುವ ನರ್ಸ್‌ಗಳು ನನಗೆ ಆಗಾಗ ಬರೆಯುತ್ತಾರೆ. ಕೆಲಸದ ಅನುಮತಿ ಇಲ್ಲದ ಎಚ್-4ನವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ, ಆದ್ದರಿಂದ ಮಲ್ಟಿಸ್ಟೇಟ್ ಕೂಡ ಸಿಗುವುದಿಲ್ಲ. ಆ ಸಂಖ್ಯೆ ಕೇಳದ ನ್ಯೂಯಾರ್ಕ್‌ನಂಥ ರಾಜ್ಯದ ಮೂಲಕ ಎನ್‌ಕ್ಲೆಕ್ಸ್ ಬರೆದಿಟ್ಟುಕೊಳ್ಳುವುದು ಕಾಲ ವ್ಯರ್ಥವಾಗದ ದಾರಿ. ಲೈಸೆನ್ಸ್ ಬಂದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕು ಬರುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಅವೆರಡೂ ಬೇರೆ ಬೇರೆ ಬಾಗಿಲು.

ಇನ್ನು ಫೋನ್ ಕೆಲಸ. ‘ಮನೆಯಲ್ಲೇ ಕೂತು’ ಎಂದು ನೀವು ಬರೆದಿದ್ದೀರಿ. ಕಾನೂನಿನ ಕಣ್ಣಿನಲ್ಲಿ ನೀವು ಕೂತಿರುವ ಕುರ್ಚಿ ಅಷ್ಟು ಮುಖ್ಯವಲ್ಲ. ನರ್ಸಿಂಗ್ ನಡೆಯುವುದು ರೋಗಿ ಇರುವ ಕಡೆ. ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿ: ಫ್ರೆಸ್ನೊದಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೋದ ಅಜ್ಜ ಕಾಲು ಊದಿದೆ ಎನ್ನುತ್ತಾರೆ. ನೀವು ತೂಕ ಕೇಳುತ್ತೀರಿ, ಉಸಿರಾಟ ಕೇಳುತ್ತೀರಿ, ನಾಳೆ ಬೆಳಗಿನವರೆಗೆ ಕಾಯಬಹುದೇ ಈಗಲೇ ತುರ್ತು ವಿಭಾಗಕ್ಕೆ ಹೋಗಬೇಕೇ ಎಂದು ತೀರ್ಮಾನಿಸುತ್ತೀರಿ. ಅದು ಕೇವಲ ಕುಶಲ ವಿಚಾರಿಸಿದ್ದಲ್ಲ, ಅಪ್ಪಟ ನರ್ಸಿಂಗ್. ಅದು ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಕ್ಯಾಲಿಫೋರ್ನಿಯಾ ಕಾಂಪ್ಯಾಕ್ಟ್‌ನಲ್ಲಿ ಇಲ್ಲ. ಅಲ್ಲಿನ ಲೈಸೆನ್ಸ್ ಇಲ್ಲದೆ ಆ ಕರೆ ಮಾಡುವಂತಿಲ್ಲ. ಸದಸ್ಯ ರಾಜ್ಯದ ರೋಗಿಗಳಾದರೆ ನಿಮ್ಮ ಮಲ್ಟಿಸ್ಟೇಟ್ ಸಾಕು. ಆಗಲೂ ರೋಗಿ ಇರುವ ರಾಜ್ಯದ ನರ್ಸಿಂಗ್ ಕಾನೂನನ್ನೇ ಪಾಲಿಸಬೇಕು, ಟೆಕ್ಸಾಸಿನದನ್ನಲ್ಲ.

ನಿಮ್ಮ ಮುಂದೆ ಇರುವ ಆಯ್ಕೆಗಳು ಹೀಗಿವೆ. ಸದಸ್ಯ ರಾಜ್ಯಗಳ ರೋಗಿಗಳನ್ನಷ್ಟೇ ನನ್ನ ಪಟ್ಟಿಗೆ ಹಾಕಿ ಎಂದು ಕಂಪನಿಯನ್ನು ಕೇಳಬಹುದು. ಇದು ಎಲ್ಲಕ್ಕಿಂತ ಸುಲಭ, ಒಳ್ಳೆಯ ಕಂಪನಿಗಳು ಕರೆಗಳನ್ನು ಹಾಗೇ ಹಂಚುತ್ತವೆ. ಆ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ರೋಗಿ ಆ ಹೊತ್ತು ಎಲ್ಲಿದ್ದಾರೆ ಎಂದು ಪ್ರತಿ ಕರೆಯ ಆರಂಭದಲ್ಲೇ ಕೇಳಿ ದಾಖಲಿಸುವ ಅಭ್ಯಾಸ ಮಾಡಿಕೊಳ್ಳಿ. ಡಲ್ಲಾಸ್‌ನ ವಿಳಾಸದ ಅಜ್ಜಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮಗಳ ಮನೆಗೆ ಹೋಗಿರಬಹುದು. ಎರಡನೆಯದು, ಕ್ಯಾಲಿಫೋರ್ನಿಯಾ ಲೈಸೆನ್ಸನ್ನೂ ಪಡೆಯುವುದು. ಸದಸ್ಯವಲ್ಲದ ರಾಜ್ಯದ ಲೈಸೆನ್ಸನ್ನು ಮಲ್ಟಿಸ್ಟೇಟ್ ಜೊತೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ವಿದೇಶದಲ್ಲಿ ಓದಿದವರ ಅಂಕಪಟ್ಟಿಯನ್ನು ಆ ರಾಜ್ಯ ಬಹಳ ಬಿಗಿಯಾಗಿ ನೋಡುತ್ತದೆ. ಒಂದು ವಿಷಯದ ಪಾಠವೂ ಅದರ ವಾರ್ಡ್ ತರಬೇತಿಯೂ ಒಂದೇ ಅವಧಿಯಲ್ಲಿ ನಡೆದಿರಬೇಕು ಎಂಬುದು ಅಲ್ಲಿನ ಕಟ್ಟುನಿಟ್ಟು. ಒಂದು ವರ್ಷ ಪಾಠ, ಮುಂದಿನ ವರ್ಷ ವಾರ್ಡ್ ತರಬೇತಿ ಆಗಿದ್ದರೆ ಆ ವಿಷಯವನ್ನು ಮತ್ತೆ ಓದಿ ಬನ್ನಿ ಎನ್ನಬಹುದು. ಹಣ ಕಟ್ಟುವ ಮುಂಚೆ ನಿಮ್ಮ ಅಂಕಪಟ್ಟಿಯನ್ನು ಈ ಕಣ್ಣಿನಿಂದ ಒಮ್ಮೆ ನೋಡಿಕೊಳ್ಳಿ. ಮೂರನೆಯದು, ‘ಎಲ್ಲರೂ ಮಾಡುತ್ತಾರೆ, ಯಾರೂ ಕೇಳುವುದಿಲ್ಲ’ ಎಂದು ಸುಮ್ಮನೆ ಒಪ್ಪಿಕೊಳ್ಳುವುದು. ಕರೆಗಳೆಲ್ಲ ಧ್ವನಿಮುದ್ರಣವಾಗುತ್ತವೆ. ಆ ಅಜ್ಜನಿಗೆ ಏನಾದರೂ ಆದರೆ ಮೊದಲು ಹೊರಬರುವುದು ನಿಮ್ಮ ಹೆಸರು. ನಿಮ್ಮ ವೃತ್ತಿವಿಮೆ ಆಗ ಜೊತೆಗೆ ನಿಲ್ಲುತ್ತದೆ ಎಂದು ನಾನು ಭರವಸೆ ಕೊಡಲಾರೆ.

ಕೋವಿಡ್ ಕಾಲದಲ್ಲಿ ಯಾವ ರಾಜ್ಯದ ಲೈಸೆನ್ಸ್ ಬೇಕಾದರೂ ನಡೆಯುತ್ತಿತ್ತಲ್ಲ ಎಂದು ಕಂಪನಿಯವರು ಹೇಳಿದರೆ ನಂಬಬೇಡಿ. ಅದು ತುರ್ತು ಆದೇಶಗಳ ಮಾತು, ಆ ಆದೇಶಗಳು ಮುಗಿದುಹೋಗಿವೆ.

ನಿಮ್ಮ ನ್ಯೂಯಾರ್ಕ್ ಲೈಸೆನ್ಸ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಜೀವನಪೂರ್ತಿ ಇರುತ್ತದೆ. ಕೆಲಸ ಮಾಡಬೇಕಾದರೆ ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನೀವು ಟೆಕ್ಸಾಸ್‌ಗೆ ಬಂದ ಮೇಲೆ ಅದನ್ನು ಕೈಬಿಟ್ಟಿರಬಹುದು. ಫೋನ್ ಕೆಲಸದಲ್ಲಿ ನ್ಯೂಯಾರ್ಕ್ ರೋಗಿಗಳೂ ಇದ್ದರೆ ಆ ನೋಂದಣಿಯನ್ನು ಮತ್ತೆ ಚಾಲ್ತಿಗೆ ತರುವುದು ಹೊಸ ಲೈಸೆನ್ಸ್ ಪಡೆಯುವುದಕ್ಕಿಂತ ಹಗುರ.

ನಿಮ್ಮ ನಾದಿನಿಯವರಿಗೆ ಈಗ. ಅವರ ಸಂಸ್ಥೆ ಇರುವುದು ಬಹಳ ಸೂಕ್ಷ್ಮವಾದ ಜಾಗದಲ್ಲಿ. ನ್ಯೂಜೆರ್ಸಿ ಕಾಂಪ್ಯಾಕ್ಟ್‌ನಲ್ಲಿದೆ, ಸೇತುವೆಯ ಆಚೆಗಿನ ನ್ಯೂಯಾರ್ಕ್ ಇಲ್ಲ. ಇನ್ನೊಂದು ಬದಿಯಲ್ಲಿ ಡೆಲವೇರ್ ನದಿಯ ಆಚೆಗಿನ ಪೆನ್ಸಿಲ್ವೇನಿಯಾ ಬಹಳ ಕಾಲ ಅರ್ಧ ಬಾಗಿಲು ತೆರೆದ ಮನೆಯಂತಿತ್ತು. 2023ರ ಸೆಪ್ಟೆಂಬರ್‌ನಿಂದ ಹೊರಗಿನವರ ಮಲ್ಟಿಸ್ಟೇಟ್ ಅಲ್ಲಿ ನಡೆಯುತ್ತಿತ್ತು, ಆದರೆ ಅಲ್ಲಿನ ನಿವಾಸಿಗಳಿಗೆ ಮಲ್ಟಿಸ್ಟೇಟ್ ಕೊಡಲು ಬೇಕಾದ ಬೆರಳಚ್ಚು ಪರಿಶೀಲನೆಗೆ ಎಫ್‌ಬಿಐ ಒಪ್ಪಿಗೆ ತಡವಾಯಿತು. 2025ರ ಜುಲೈ 7ರಿಂದ ಅದೂ ಪೂರ್ತಿ ಜಾರಿಯಲ್ಲಿದೆ. ಹಾಗಾಗಿ ಫಿಲಡೆಲ್ಫಿಯಾದಲ್ಲಿ ಮನೆ ಇರುವ, ಪೆನ್ಸಿಲ್ವೇನಿಯಾ ಮಲ್ಟಿಸ್ಟೇಟ್ ಪಡೆದ ನರ್ಸನ್ನು ನ್ಯೂಜೆರ್ಸಿಯ ಚೆರಿ ಹಿಲ್‌ನ ರೋಗಿಯ ಮನೆಗೆ ಕಳಿಸಬಹುದು. ಆ ನರ್ಸ್ ಹಳೆಯ ಒಂದೇ ರಾಜ್ಯದ ಲೈಸೆನ್ಸನ್ನು ಇನ್ನೂ ಬದಲಿಸಿಕೊಂಡಿಲ್ಲದಿದ್ದರೆ ಕಳಿಸುವಂತಿಲ್ಲ. ರಾಜ್ಯ ಸೇರಿದ ಮಾತ್ರಕ್ಕೆ ಎಲ್ಲರ ಲೈಸೆನ್ಸ್ ತಾನಾಗಿ ಮಲ್ಟಿಸ್ಟೇಟ್ ಆಗುವುದಿಲ್ಲ. ನ್ಯೂಯಾರ್ಕ್‌ಗೆ ಸೇರಿದ ಸ್ಟೇಟನ್ ಐಲೆಂಡ್‌ನಲ್ಲಿ ಮನೆ ಇರುವವರಿಗೆ ಮಲ್ಟಿಸ್ಟೇಟ್ ಸಿಗುವ ಮಾತೇ ಇಲ್ಲ. ಎಡಿಸನ್‌ನಲ್ಲಿ ಕೆಲಸ ಮಾಡಲು ಅವರು ನ್ಯೂಜೆರ್ಸಿಯ ಪ್ರತ್ಯೇಕ ಲೈಸೆನ್ಸ್ ಪಡೆಯಬೇಕು. ಹಾಗೆಯೇ ಎಡಿಸನ್‌ನ ನರ್ಸ್ ಸೇತುವೆ ದಾಟಿ ಸ್ಟೇಟನ್ ಐಲೆಂಡ್‌ನ ರೋಗಿಯ ಮನೆಗೆ ಹೋಗಬೇಕಾದರೆ ನ್ಯೂಯಾರ್ಕ್ ಲೈಸೆನ್ಸ್ ಬೇಕು. ಒಂದು ದಿನದ ಮಟ್ಟಿಗೆ, ಬೇರೆ ಯಾರೂ ಸಿಗಲಿಲ್ಲ ಎಂದಾದರೂ ಅಷ್ಟೇ.

ಲೈಸೆನ್ಸಿನ ಫೋಟೊ, ಮೊಬೈಲ್‌ನ ಚಿತ್ರ, ಮುದ್ರಿತ ಪ್ರತಿ ಯಾವುದನ್ನೂ ಆಕೆ ನಂಬಬಾರದು. ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ನಡೆಸುವ ನರ್ಸಿಸ್ ಎಂಬ ದತ್ತಾಂಶ ವ್ಯವಸ್ಥೆ ಇದೆ. ಅದರ ಕ್ವಿಕ್‌ಕನ್ಫರ್ಮ್ ಸೇವೆಯಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಮಲ್ಟಿಸ್ಟೇಟೋ ಒಂದೇ ರಾಜ್ಯದ್ದೋ, ಯಾವ ಯಾವ ರಾಜ್ಯದಲ್ಲಿ ಕೆಲಸ ಮಾಡಬಹುದು ಎಂಬುದೆಲ್ಲ ಉಚಿತವಾಗಿ ತಿಳಿಯುತ್ತದೆ. ವರದಿಯನ್ನು ತಾರೀಕು ಸಹಿತ ಕಡತದಲ್ಲಿ ಇಡಲಿ. ಸಿಬ್ಬಂದಿಯ ಹೆಸರುಗಳನ್ನು ಅದರದೇ ಇನ್ನೊಂದು ಸೇವೆಯಾದ ಇ-ನೋಟಿಫೈಗೆ ಸೇರಿಸಿಟ್ಟರೆ ಯಾರದಾದರೂ ಲೈಸೆನ್ಸ್ ಅವಧಿ ಮುಗಿಯುವ ಮುನ್ನ, ಅಥವಾ ಯಾವುದೇ ಶಿಸ್ತುಕ್ರಮ ದಾಖಲಾದಾಗ ಸೂಚನೆ ಬರುತ್ತದೆ, ಅದಕ್ಕೂ ಹಣವಿಲ್ಲ. ಇದು ಏಕೆ ಮುಖ್ಯ ಎಂದರೆ, ಕಾಂಪ್ಯಾಕ್ಟ್‌ನಲ್ಲಿ ಸೌಲಭ್ಯದಂತೆ ಶಿಕ್ಷೆಯೂ ಗಡಿ ದಾಟುತ್ತದೆ. ಮನೆರಾಜ್ಯದ ಮಂಡಳಿ ಲೈಸೆನ್ಸಿನ ಮೇಲೆ ನಿರ್ಬಂಧ ಹಾಕಿದರೆ ಉಳಿದ ಎಲ್ಲ ಸದಸ್ಯ ರಾಜ್ಯಗಳಲ್ಲೂ ಕೆಲಸ ಮಾಡುವ ಹಕ್ಕು ನಿಂತುಹೋಗುತ್ತದೆ. ರೋಗಿ ಇರುವ ರಾಜ್ಯದ ಮಂಡಳಿ ಕೂಡ ತನ್ನ ಗಡಿಯೊಳಗಿನ ಹಕ್ಕನ್ನು ಕಿತ್ತುಕೊಳ್ಳಬಹುದು.

ನೇಮಕದ ಅರ್ಜಿಯಲ್ಲಿ ಎರಡು ಸಾಲು ಸೇರಿಸಲು ಅವರಿಗೆ ಹೇಳಿ: ‘ನಿಮ್ಮ ಖಾಯಂ ವಾಸ ಯಾವ ರಾಜ್ಯ, ಎಂದಿನಿಂದ?’ ಮತ್ತು ‘ಮುಂದಿನ ಆರು ತಿಂಗಳಲ್ಲಿ ಮನೆ ಬದಲಿಸುವಿರಾ?’ ಆ ಎಂಟು ತಿಂಗಳ ಫೈಲಿನ ಹೆಣ್ಣುಮಗಳನ್ನು ಯಾರಾದರೂ ಇಷ್ಟು ಕೇಳಿದ್ದರೆ ಸಾಕಿತ್ತು. ಎಲ್‌ಪಿಎನ್‌ಗಳನ್ನು, ಅಂದರೆ ಕಡಿಮೆ ಅವಧಿ ಓದಿ ಸೀಮಿತ ಕೆಲಸಗಳಿಗೆ ಲೈಸೆನ್ಸ್ ಪಡೆದ ನರ್ಸ್‌ಗಳನ್ನು, ಹೊರರಾಜ್ಯದಿಂದ ತೆಗೆದುಕೊಂಡರೆ ಇನ್ನೊಂದು ಎಚ್ಚರ ಬೇಕು. ರಕ್ತನಾಳದ ಮೂಲಕ ಔಷಧ ಕೊಡುವಂಥ ಕೆಲಸಗಳಲ್ಲಿ ಅವರು ಏನು ಮಾಡಬಹುದು ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಲೈಸೆನ್ಸ್ ಗಡಿ ದಾಟಿದರೂ ಮನೆರಾಜ್ಯದ ಅನುಮತಿಗಳು ಜೊತೆಗೆ ದಾಟುವುದಿಲ್ಲ. ಹೆಚ್ಚಿನ ಓದು ಮುಗಿಸಿ ರೋಗ ಪತ್ತೆಹಚ್ಚುವ, ಔಷಧ ಬರೆದುಕೊಡುವ ನರ್ಸ್ ಪ್ರಾಕ್ಟೀಷನರ್‌ಗಳಿಗಂತೂ ಈ ಒಪ್ಪಂದ ಅನ್ವಯಿಸುವುದೇ ಇಲ್ಲ. ಆ ಹುದ್ದೆಯ ಲೈಸೆನ್ಸನ್ನು ಆಯಾ ರಾಜ್ಯದಲ್ಲೇ ಪಡೆಯಬೇಕು.

ಮತ್ತೆ ನಿಮ್ಮ ವಿಷಯಕ್ಕೆ ಬಂದರೆ, ಈ ವಾರ ಮಾಡಬೇಕಾದದ್ದು ಒಂದು ಪತ್ರ. ರಾಲಿಯ ಸಿಬ್ಬಂದಿ ವಿಭಾಗಕ್ಕೆ ಇಮೇಲ್ ಬರೆಯಿರಿ: ‘ನಾನು ಜೂನ್‌ನಲ್ಲಿ ನಾರ್ತ್ ಕೆರೊಲೈನಾದ ಖಾಯಂ ನಿವಾಸಿಯಾಗುತ್ತೇನೆ, ಅರವತ್ತು ದಿನದೊಳಗೆ ಅಲ್ಲಿನ ಮಲ್ಟಿಸ್ಟೇಟ್‌ಗೆ ಅರ್ಜಿ ಹಾಕುತ್ತೇನೆ, ಅದು ಕೈಗೆ ಬರುವವರೆಗೆ ಟೆಕ್ಸಾಸ್ ಲೈಸೆನ್ಸ್ ಮೇಲೆ ಕೆಲಸ ಮಾಡುತ್ತೇನೆ.’ ಅವರು ಏನು ಉತ್ತರ ಕೊಟ್ಟರೂ ಅದು ಬರಹದಲ್ಲಿರುತ್ತದೆ. ಟೆಕ್ಸಾಸ್ ಲೈಸೆನ್ಸ್ ನವೀಕರಣದ ತಾರೀಕು ಬೇಸಿಗೆಯ ನಡುವೆ ಬೀಳುತ್ತದೆಯೇ ಎಂದೂ ನೋಡಿಕೊಳ್ಳಿ. ಬೀಳುವುದಾದರೆ ಹೊರಡುವ ಮುಂಚೆಯೇ ನವೀಕರಿಸಿ, ಏಕೆಂದರೆ ಹೊಸದು ಕೈಗೆ ಬರುವ ಮುನ್ನ ಹಳೆಯದರ ಅವಧಿ ಮುಗಿದರೆ ಆ ನಡುವಿನ ದಿನಗಳಲ್ಲಿ ನೀವು ಯಾವ ರಾಜ್ಯದಲ್ಲೂ ಕೆಲಸ ಮಾಡುವಂತಿಲ್ಲ.